ಪುಣೆಯ ಟೆರೇಸಿಗೆ 150 ಲೀಟರಿನ ಟ್ಯೂಬ್ ಸೋಲಾರ್: ಗಾಜಿಗೆ ಪೂರ್ತಿ ಅಂಕ, ಪೈಪಿಗೆ ಅರ್ಧ

ಗಾಜಿನ ಟ್ಯೂಬಿನ ಸೋಲಾರ್ ಹೀಟರಿನಲ್ಲಿ ಬಿಸಿಲು ಹಿಡಿಯುವ ಭಾಗದ ಬಗ್ಗೆ ದೂರುವಂಥದ್ದು ಹೆಚ್ಚೇನಿಲ್ಲ. ಹಿಡಿದ ಬಿಸಿ ಬಚ್ಚಲಿಗೆ ಇಳಿಯುವ ದಾರಿಯಲ್ಲೇ ಸೋರಿಹೋಗುತ್ತದೆ. ಪುಣೆಯಲ್ಲಿ ರೋ ಹೌಸಿಗೋ ಮೇಲ್ಮಹಡಿಯ ಫ್ಲ್ಯಾಟಿಗೋ 15 ಟ್ಯೂಬಿನ ಸೆಟ್ ಹಾಕಿಸುವವರು ಕಂಪನಿಯ ಹೆಸರಿಗಿಂತ ಫಿಟ್ಟರನ ಕೈ ನೋಡುವುದು ಮೇಲು.

ಮೊದಲು ಟ್ಯೂಬು. 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ ಜೋಡಿ ಗಾಜು, ಎರಡರ ನಡುವೆ ನಿರ್ವಾತ. ಒಳಗಾಜಿಗೆ ಬಳಿದ ಕಪ್ಪು ಲೇಪ ಬಿಸಿಲಿನ ಶೇ. 90ಕ್ಕೂ ಹೆಚ್ಚನ್ನು ಹೀರುತ್ತದೆ, ತಾನು ಹೊರಸೂಸುವುದು ತೀರಾ ಕಡಿಮೆ. ವಹನಕ್ಕೂ ಸಂವಹನಕ್ಕೂ ನಡುವೆ ಏನಾದರೊಂದು ವಸ್ತು ಬೇಕು. ಇಲ್ಲಿ ಅದೇ ಇಲ್ಲ, ಉಳಿದ ವಿಕಿರಣಕ್ಕೆ ಲೇಪದ ಕಡಿವಾಣ. ಹಾಗಾಗಿ ಡಿಸೆಂಬರಿನ ಹತ್ತು-ಹನ್ನೆರಡು ಡಿಗ್ರಿಯ ಗಾಳಿ ಒಳಗಿನ ನೀರಿಗೆ ಅಷ್ಟಾಗಿ ತಟ್ಟುವುದಿಲ್ಲ. ಪರೀಕ್ಷೆಯೂ ಸುಲಭ: ಮಧ್ಯಾಹ್ನ ಹೊರಗಾಜನ್ನು ಮುಟ್ಟಿ ನೋಡಿ. ಅಕ್ಕಪಕ್ಕದವಕ್ಕಿಂತ ಒಂದು ಟ್ಯೂಬು ಎದ್ದು ಕಾಣುವಷ್ಟು ಬಿಸಿಯಿದ್ದರೆ ಅದರ ನಿರ್ವಾತ ಹೋಗಿದೆ. ಕೆಳತುದಿಯ ಪ್ಲಾಸ್ಟಿಕ್ ಕಪ್ ಸರಿಸಿದರೆ ಬೆಳ್ಳಿಯ ಹೊಳಪಿನ ಬೇರಿಯಂ ಲೇಪ ಕಾಣುತ್ತದೆ. ಗಾಳಿ ಹೊಕ್ಕ ಟ್ಯೂಬಿನಲ್ಲಿ ಅದು ಬಿಳಿಚಿಕೊಂಡಿರುತ್ತದೆ. ಡಬ್ಬಿಯಿಂದ ತೆಗೆದಾಗಲೇ ಹದಿನೈದನ್ನೂ ನೋಡಿ ಬಿಡಿ.

ನೀರು ಸುತ್ತಲು ಪಂಪು ಬೇಡ. ಕಾದ ನೀರು ಹಗುರಾಗಿ ಟ್ಯೂಬಿನ ಮೇಲ್ಬದಿಯಲ್ಲಿ ಏರುತ್ತದೆ, ತಣ್ಣನೆಯದು ಅದೇ ಟ್ಯೂಬಿನ ಕೆಳಬದಿಯಲ್ಲಿ ಇಳಿಯುತ್ತದೆ. ಟ್ಯಾಂಕು ಟ್ಯೂಬಿಗಿಂತ ಮೇಲಿರುವುದರಿಂದ ರಾತ್ರಿ ಈ ಚಕ್ರ ತಾನಾಗಿ ನಿಲ್ಲುತ್ತದೆ. ತೊಂದರೆಯಿರುವುದು ಮುಚ್ಚಿದ ಕೆಳತುದಿಯಲ್ಲಿ: ಅಲ್ಲಿ ಹರಿವು ಮಂದ, ಗಸಿಯೆಲ್ಲ ಅಲ್ಲೇ ಕೂರುತ್ತದೆ. ಪುಣೆಯ ಅಂಚಿನ ವಾಘೋಲಿ, ಉಂಡ್ರಿ ಕಡೆಯ ಬೋರು-ಟ್ಯಾಂಕರ್ ನೀರಾದರೆ ವರ್ಷಕ್ಕೊಮ್ಮೆ ಟ್ಯೂಬು ಬಿಚ್ಚಿ ತೊಳೆಸಲೇಬೇಕು. ರಬ್ಬರ್ ರಿಂಗಿಗೆ ಸೋಪಿನ ನೀರು ಹಚ್ಚಿ ತಿರುಚುತ್ತಾ ಎಳೆಯಬೇಕು, ನೇರ ಎಳೆದರೆ ಗಾಜಿನ ಬಾಯಿ ಒಡೆಯುತ್ತದೆ. ಆದರೂ ಗಡಸು ನೀರಿಗೆ ಇದೇ ವಾಸಿ. ಬೆಂಗಳೂರಿನಿಂದ ಬಂದವರು ಕೇಳುವ ಫ್ಲಾಟ್ ಪ್ಲೇಟಿನ (ಟ್ಯೂಬಿನ ಬದಲು ಚಪ್ಪಟೆ ಪೆಟ್ಟಿಗೆಯಿರುವ ಸೋಲಾರಿನ) ಸಣ್ಣ ತಾಮ್ರದ ಕೊಳವೆಯಲ್ಲಿ ಸುಣ್ಣ ಕಟ್ಟಿದರೆ ಆಸಿಡ್ ಹಾಕದೆ ಬಿಡುವುದಿಲ್ಲ.

ಇನ್ನು ಲೆಕ್ಕ. 150 ಲೀಟರನ್ನು 20ರಿಂದ 55 ಡಿಗ್ರಿಗೆ ಏರಿಸಲು ಸುಮಾರು 6 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ತಣ್ಣೀರು ಬೆರೆಸಿ 40ಕ್ಕೆ ತಂದರೆ ಅದು 260 ಲೀಟರು, ನಾಲ್ವರಿಗೆ ಧಾರಾಳ. ಆದರೆ ಅಂಗಡಿಯಲ್ಲಿ ಒಂದು ಮಾತು ಕೇಳಿಕೊಳ್ಳಿ: 150 ಅಂದರೆ ಟ್ಯಾಂಕಿನದ್ದೋ, ಟ್ಯೂಬಿನದ್ದೂ ಸೇರಿಯೋ? ಒಂದೊಂದು ಟ್ಯೂಬಿನಲ್ಲಿ ಸುಮಾರು 2.7 ಲೀಟರು ನಿಲ್ಲುತ್ತದೆ. ಹದಿನೈದಕ್ಕೆ 40 ಲೀಟರು, ಅದು ನಲ್ಲಿಗೆ ಬರುವ ನೀರಲ್ಲ.

ಟ್ಯಾಂಕಿನ ಸುತ್ತ 50 ಮಿ.ಮೀ. ಪಫ್ (ಶಾಖ ಸೋರದಂತೆ ತಡೆಯುವ ಗಟ್ಟಿ ಫೋಮು) ಇದ್ದರೆ ರಾತ್ರಿಗೆ ಕೆಲವೇ ಡಿಗ್ರಿ ಇಳಿಯುತ್ತದೆ. ಯಾರೂ ನೀರು ಬಳಸದೆಯೂ ಹತ್ತು ಇಳಿದರೆ ಸೋರಿಕೆಯಿಂದ ಪಫ್ ಒದ್ದೆಯಾಗಿದೆಯೋ ನೋಡಿಸಿ; ನೀರಿನ ಶಾಖವಾಹಕತೆ ಒಣ ಪಫಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ.

ಅಂಕ ಕಳೆಯುವುದು ಪೈಪಿನಲ್ಲಿ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್) ಪೈಪು ಮೀಟರಿಗೆ ಕಾಲು ಲೀಟರು ನೀರು ಹಿಡಿಯುತ್ತದೆ. ಟೆರೇಸಿನಿಂದ ಕೆಳಗಿನ ಬಚ್ಚಲಿಗೆ 20 ಮೀಟರಾದರೆ ಪ್ರತಿ ಸಲ 5 ಲೀಟರು ತಣ್ಣೀರು ಚರಂಡಿಗೆ, ಸ್ನಾನವಾದ ಮೇಲೆ ಪೈಪಿನಲ್ಲುಳಿದ 5 ಲೀಟರು ಬಿಸಿನೀರು ಆರಿಹೋಗಲಿಕ್ಕೆ. ಮನೆಮಂದಿ ಒಬ್ಬರ ಹಿಂದೊಬ್ಬರು ಮಿಂದರೆ ಇದು ಒಂದೇ ಸಲದ ನಷ್ಟ, ಗಂಟೆಗೊಬ್ಬರಾದರೆ ನಾಲ್ಕು ಪಟ್ಟು. ಕೆಳಮಹಡಿಯ ಒಂದೇ ಬಚ್ಚಲಿಗಾದರೆ ಅರ್ಧ ಇಂಚಿನ ಪೈಪು ಸಾಕು, ನಿಲ್ಲುವ ನೀರು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಟೆರೇಸಿನ ಕೆಳಗೇ ಇರುವ ಬಚ್ಚಲಿಗೆ ಮಾತ್ರ ಒತ್ತಡ ಸಾಲದು, ಮುಕ್ಕಾಲೇ ಹಾಕಿಸಿ. ಮೇಲೆ ಕಪ್ಪು ನೈಟ್ರೈಲ್ ಫೋಮು ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಟೇಪು. ಟೇಪಿಲ್ಲದ ಫೋಮು ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಟ್ಯಾಂಕಿನಿಂದ ಹೊರಬರುವ ಮೊದಲ ಮೀಟರು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಇರಲಿ. ಸಿಪಿವಿಸಿ ತಾಳುವುದು 93 ಡಿಗ್ರಿವರೆಗೆ, ಏಪ್ರಿಲಿನಲ್ಲಿ ಬಳಸದೆ ಬಿಟ್ಟ ನೀರು ಕುದಿಯುವ ಹತ್ತಿರ ಹೋಗುತ್ತದೆ.

ಫಿಟ್ಟರು ಅವಸರದಲ್ಲಿ ಕೆಡಿಸುವ ಜಾಗಗಳು ಇನ್ನೂ ಇವೆ. ಬಿಸಿನೀರಿನ ಟ್ಯಾಂಕಿಗೆ ಗಾಳಿಯಾಡಿಸುವ ಏರ್ ವೆಂಟ್ ಪೈಪು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ, ಬಾಯಿ ತೆರೆದೇ ಇರಬೇಕು. ಅದು ಕಟ್ಟಿಕೊಂಡರೆ ನೀರು ಇಳಿದಾಗ ಒಳಗೆ ಒತ್ತಡ ಕುಸಿದು ಸ್ಟೀಲಿನ ಟ್ಯಾಂಕು ಒಳಕ್ಕೆ ನೆಗ್ಗುತ್ತದೆ. ತಣ್ಣೀರಿನ ಪೈಪನ್ನು ಕೆಳಕ್ಕೆ ಬಳಸಿ ತಂದು ಸೇರಿಸದಿದ್ದರೆ ಬಿಸಿ ಹಿಮ್ಮುಖವಾಗಿ ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ, ಬೆಳಗ್ಗೆ ತಣ್ಣೀರಿನ ನಲ್ಲಿಯಲ್ಲಿ ಉಗುರುಬೆಚ್ಚನೆ ನೀರು ಬಂದರೆ ಕಾರಣ ಇದೇ ಇರಬಹುದು. ಬಚ್ಚಲಿನ ಮಿಕ್ಸರಿನಲ್ಲಿ ಬಿಸಿನೀರೇ ಬರದಿದ್ದರೆ ಸೋಲಾರನ್ನು ಬೈಯುವ ಮೊದಲು ತಣ್ಣೀರಿನ ಒತ್ತಡ ನೋಡಿ. ಪ್ರೆಷರ್ ಪಂಪಿಗೆ ಜೋಡಿಸಿದ ತಣ್ಣೀರು ಬಿಸಿನೀರನ್ನು ವಾಪಸ್ ತಳ್ಳುತ್ತದೆ.

ಟ್ಯೂಬು ಮುಖಮಾಡುವ ದಿಕ್ಕು ದಕ್ಷಿಣ, ಓರೆ 30 ಡಿಗ್ರಿಯ ಆಸುಪಾಸು. ಪುಣೆಯ ಅಕ್ಷಾಂಶ ಹದಿನೆಂಟೂವರೆ, ಚಳಿಗಾಲದ ತಗ್ಗಿದ ಸೂರ್ಯನಿಗೆ ಅದಕ್ಕಿಂತ ಹೆಚ್ಚಿನ ಓರೆಯೇ ಸರಿ. ಮಳೆಗಾಲಕ್ಕೆ ಟ್ಯಾಂಕಿನೊಳಗೆ 2 ಕಿಲೋವ್ಯಾಟಿನ ಕರೆಂಟ್ ಕಾಯಿಲ್ ಬೇಕೇ ಬೇಕು, ಪೂರ್ತಿ ಟ್ಯಾಂಕು 24ರಿಂದ 45ಕ್ಕೆ ಬರಲು ಎರಡು ಗಂಟೆಗೆ ಸ್ವಲ್ಪ ಕಡಿಮೆ.

ಮೇ ರಜೆಗೆ ಹುಬ್ಬಳ್ಳಿಗೋ ವಿಜಯಪುರಕ್ಕೋ ಹೊರಡುವಾಗ ಅರ್ಧದಷ್ಟು ಟ್ಯೂಬಿಗೆ ಗೋಣಿತಾಟು ಹೊದಿಸಿ, ತಣ್ಣೀರಿನ ವಾಲ್ವ್ ತೆರೆದೇ ಇಡಿ. ಟ್ಯಾಂಕು ಬರಿದಾಗಿದ್ದರೆ ಬಂದ ಮಧ್ಯಾಹ್ನವೇ ನೀರು ಬಿಡಬೇಡಿ. ಒಣಗಿ ಕಾದ ಗಾಜಿಗೆ ತಣ್ಣೀರು ಬಿದ್ದರೆ ಟ್ಯೂಬು ಸೀಳುತ್ತದೆ, ಒಡೆದ ಗಾಜಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಮರುದಿನ ಬಿಸಿಲೇರುವ ಮೊದಲು ತುಂಬಿಸಿ.