ಬಣ್ಣದ ಹಣತೆಯೋ, ಉಣ್ಣೆದಾರದ ತೋರಣವೋ?

ದೀಪಾವಳಿಗೆ ಕೈಯಾರೆ ಮಾಡಿದ್ದನ್ನೇ ಉಡುಗೊರೆಯಾಗಿ ಕೊಡಬೇಕೆಂದಿರುವವರು ಕಡಿಮೆ ಖರ್ಚಿನಲ್ಲಿ ಬಣ್ಣ ಬಳಿದ ಮಣ್ಣಿನ ಹಣತೆಯನ್ನಾಗಲಿ, ಉಣ್ಣೆದಾರದ ಬಾಗಿಲ ತೋರಣವನ್ನಾಗಲಿ ಸಿದ್ಧಪಡಿಸಬಹುದು.

ಹಣತೆಗೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಹೊಸ ಹಣತೆ ಎಣ್ಣೆಯನ್ನು ಹೀರಿಕೊಳ್ಳುವುದರಿಂದ, ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ತೇವವೆಲ್ಲ ಆರುವವರೆಗೆ ಒಣಗಿಸಿ, ಆಮೇಲೆ ಹೊರಮೈಗೆ ಮಾತ್ರ ಅಕ್ರಿಲಿಕ್ ಬಣ್ಣ ಹಚ್ಚಬೇಕು. ಬತ್ತಿ ಕೂರುವ ಮೂತಿಗೆ ಬಣ್ಣ ತಾಗಿದರೆ ಉರಿಯ ಬಿಸಿಗೆ ಅದು ಕರಕಾಗುತ್ತದೆ. ಕೆಮ್ಮಣ್ಣಿನ ಬಣ್ಣದ ಮೇಲೆ ಬೆಂಕಿಕಡ್ಡಿಯ ತುದಿಯಿಂದ ಬಿಳಿ ಚುಕ್ಕಿಗಳನ್ನಿಟ್ಟರೆ ಅಂಗಳದ ರಂಗೋಲಿಯೇ ಹಣತೆಗೆ ಇಳಿದಂತಿರುತ್ತದೆ. ಮಕ್ಕಳು ಜೊತೆಗಿದ್ದರೆ ನನ್ನ ಆಯ್ಕೆ ಇದೇ.

ತೋರಣಕ್ಕೆ ಒಣಗಿಸಿ ಕಾಯುವ ಕೆಲಸವಿಲ್ಲ. ಎರಡು ಬೆರಳಿಗೆ ದಾರವನ್ನು ಸುಮಾರು 60 ಸುತ್ತು ಸುತ್ತಿ, ಮೆಲ್ಲನೆ ತೆಗೆದು ನಡುವೆ ಬಿಗಿಯಾಗಿ ಕಟ್ಟಿ, ಎರಡೂ ಬದಿಯ ಕುಣಿಕೆಗಳನ್ನು ಕತ್ತರಿಸಿ ದುಂಡಗೆ ಸವರಿದರೆ ಒಂದು ಗೊಂಡೆ ಸಿದ್ಧವಾಗುತ್ತದೆ. 3 ಅಡಿ ಅಗಲದ ಬಾಗಿಲಿಗೆ ಇಂಥ 15 ಗೊಂಡೆಗಳಾದರೂ ಬೇಕಾಗುವುದರಿಂದ ಎರಡು ಸಂಜೆಗಳನ್ನು ಮೀಸಲಿಡಬೇಕು. ಹಣತೆಯಂತೆ ಒಡೆಯುವ ಭಯವಿಲ್ಲದೆ ಅಂಚೆಯಲ್ಲಿ ಕಳುಹಿಸಬಹುದಾದ್ದರಿಂದ ದೂರದ ಬಂಧುಗಳಿಗೆ ತೋರಣವೇ ಸೂಕ್ತ. ಅಗ್ಗದ ದಾರ ಸಾಮಾನ್ಯವಾಗಿ ಅಕ್ರಿಲಿಕ್ ನಾರಿನದ್ದಾಗಿದ್ದು ಬೇಗ ಕರಗಿ ಉರಿಯುತ್ತದೆ; ಆದ್ದರಿಂದ ಅದನ್ನು ದೀಪಗಳ ಸಮೀಪ ಕಟ್ಟಲೇಬಾರದು.