1440ಪಿನಾ, 4ಕೆನಾ, ಬಾಗಿದ 32 ಇಂಚಾ? ಒಂದೇ ಮೇಜಿನ ಮೇಲೆ ಮೂರು ಮಾನಿಟರ್

ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಮಾನಿಟರ್ ಹುಡುಕಲು ಹೊರಟರೆ ಕೊನೆಗೆ ಮೂರು ಜಾತಿಯವು ಮುಂದೆ ಬಂದು ನಿಲ್ಲುತ್ತವೆ. ಒಂದು, 27 ಇಂಚಿನ 1440ಪಿ ಐಪಿಎಸ್, 180 ಹರ್ಟ್ಸ್. ಎರಡು, 27 ಇಂಚಿನದೇ 4ಕೆ ಐಪಿಎಸ್, ಆದರೆ 60 ಹರ್ಟ್ಸ್. ಮೂರು, 32 ಇಂಚಿನ ಬಾಗಿದ ವಿಎ ಪ್ಯಾನೆಲ್, 1440ಪಿ, 165 ಹರ್ಟ್ಸ್. 1440ಪಿ, 4ಕೆ ಅಂದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕೆ) ಇವೆ ಅನ್ನುವ ಲೆಕ್ಕ. ಐಪಿಎಸ್, ವಿಎ ಅನ್ನುವವು ಪ್ಯಾನೆಲ್‌ನ ಎರಡು ಬಗೆ. ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು. ಒಂದೇ ಜಾತಿಯೊಳಗೆ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಇರುವ ವ್ಯತ್ಯಾಸಕ್ಕಿಂತ, ಜಾತಿಯಿಂದ ಜಾತಿಗೆ ಇರುವ ವ್ಯತ್ಯಾಸವೇ ದೊಡ್ಡದು. ಅದಕ್ಕೇ ಇಲ್ಲಿ ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ.

ಮೂರನ್ನೂ ಮನೆಯಲ್ಲೇ ಬಳಸಿ ನೋಡುವ ಅವಕಾಶ ಸಿಕ್ಕಿತು. 1440ಪಿ ನನ್ನ ತಮ್ಮನದು. 4ಕೆ ಮಾನಿಟರ್ ಆಫೀಸಿನವರು ಮನೆಯಿಂದ ಕೆಲಸ ಮಾಡಲು ಕೊಟ್ಟದ್ದು, ವಾಪಸ್ ಕೊಡಬೇಕಾದದ್ದು. ಬಾಗಿದ್ದು ಗೆಳೆಯನದು. ಅವನು ಮಾರುವವನಿದ್ದ, "ಒಂದಷ್ಟು ದಿನ ಇಟ್ಕೊಂಡು ನೋಡು, ಹಿಡಿಸಿದ್ರೆ ದುಡ್ಡು ಕೊಡು" ಅಂದ. ಕಂಪ್ಯೂಟರ್‌ನಲ್ಲಿ ಇರುವುದು ನ್ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 8 ಜಿಬಿ. ಹಗಲೆಲ್ಲ ಕನ್ನಡ ಪುಟಗಳ ಕರಡು ತಿದ್ದುವ ಕೆಲಸ, ನಡುನಡುವೆ ಎಕ್ಸೆಲ್. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಆಟ. ನಿಮ್ಮ ದಿನಚರಿ ಇದರ ಉಲ್ಟಾ ಇದ್ದರೆ ನನ್ನ ತೀರ್ಮಾನವನ್ನೂ ಉಲ್ಟಾ ಮಾಡಿಕೊಳ್ಳಿ.

ಮೊದಲು ಅಕ್ಷರದ ಮಾತು. 27 ಇಂಚಿಗೆ 1440ಪಿ ಧಾರಾಳ ಸಾಕು ಅಂತ ಇಂಗ್ಲಿಷ್ ವಿಮರ್ಶೆಗಳಲ್ಲಿ ಸಲೀಸಾಗಿ ಬರೆದುಬಿಡುತ್ತಾರೆ. ಅವರ ಅಕ್ಷರಗಳಿಗೆ ಒತ್ತೂ ಇಲ್ಲ, ಹೊಟ್ಟೆ ಸೀಳುವ ಕಷ್ಟವೂ ಇಲ್ಲ. ನಮಗೆ 'ದ' ಮತ್ತು 'ಧ' ನಡುವೆ ಇರುವುದು ಒಂದು ಸಣ್ಣ ಸೀಳು ಮಾತ್ರ. 'ಪ' ಮತ್ತು 'ಫ' ಕೂಡ ಹಾಗೇ. 'ವಿದ್ಯಾರ್ಥಿ'ಯನ್ನು 'ವಿಧ್ಯಾರ್ಥಿ' ಅಂತ ಬರೆದು ಕಳಿಸುವವರು ಎಷ್ಟು ಜನ ಅಂತ ಕರಡು ತಿದ್ದುವವರನ್ನು ಕೇಳಿ. ಆ ಸೀಳು ಕಣ್ಣಿಗೆ ಬೀಳದಿದ್ದರೆ ನನ್ನ ಕೆಲಸ ಕೆಟ್ಟಿತು.

ಮೂರರಲ್ಲೂ ಒಂದೇ ಪುಟ ತೆರೆದೆ, ಅಕ್ಷರ ಕಾಗದದ ಮೇಲೆ ಎಷ್ಟಿರುತ್ತದೋ ಪರದೆಯ ಮೇಲೂ ಅಷ್ಟೇ ಗಾತ್ರಕ್ಕೆ ಬರುವ ಹಾಗೆ ಹೊಂದಿಸಿಕೊಂಡು. 32 ಇಂಚಿನದರಲ್ಲಿ 'ರಾಷ್ಟ್ರ' ಪದದ ಕೆಳಗಿನ ಎರಡು ಒತ್ತು ಒಂದಕ್ಕೊಂದು ಅಂಟಿಕೊಂಡು ಕಪ್ಪು ಗಂಟಿನ ಹಾಗೆ ಕಂಡಿತು. 'ಧ'ದ ಸೀಳು ಇದೆಯೋ ಇಲ್ಲವೋ ಅಂತ ಮುಂದಕ್ಕೆ ಬಾಗಿ ನೋಡಬೇಕಾಯಿತು. 27 ಇಂಚಿನ 1440ಪಿಯಲ್ಲಿ ಓದಬಹುದು, ತಪ್ಪೂ ಸಿಗುತ್ತದೆ, ಆದರೆ ಸಂಜೆ ಹೊತ್ತಿಗೆ ಪುಟವನ್ನು ಹಿಗ್ಗಿಸಿಕೊಂಡು ಓದುವುದು ಶುರುವಾಗುತ್ತದೆ. 4ಕೆಯಲ್ಲಿ ಅಚ್ಚಾದ ಪುಟ ನೋಡಿದ ಹಾಗೇ. ಟ ಒತ್ತು ಬೇರೆ, ರ ಒತ್ತು ಬೇರೆ, ನಡುವೆ ಬಿಳಿ ಜಾಗ ಕೂಡ.

ಕಾರಣ ಲೆಕ್ಕದಲ್ಲೇ ಇದೆ. 32 ಇಂಚಿನ 1440ಪಿಯಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿ.ಮೀ. 27 ಇಂಚಿನ 1440ಪಿಯಲ್ಲಿ 0.23. ಅದೇ ಗಾತ್ರದ 4ಕೆಯಲ್ಲಿ 0.16. ಕಣ್ಣು ಚೆನ್ನಾಗಿರುವವರು 60 ಸೆಂ.ಮೀ. ದೂರದಿಂದ ಬಿಡಿಬಿಡಿಯಾಗಿ ಗುರುತಿಸಬಲ್ಲ ಚುಕ್ಕೆ ಸುಮಾರು 0.17 ಮಿ.ಮೀ. ಅಂದರೆ 4ಕೆ ಮಾತ್ರ ಆ ಗೆರೆ ದಾಟುತ್ತದೆ. 32 ಇಂಚಿನ 1440ಪಿಯ ಚುಕ್ಕೆ, ಹಳೇ 24 ಇಂಚಿನ ಫುಲ್ ಎಚ್‌ಡಿಯ ಚುಕ್ಕೆಯಷ್ಟೇ ದಪ್ಪ. ಜಾಗ ಜಾಸ್ತಿ ಸಿಗುತ್ತದೆ ನಿಜ, ಅಕ್ಷರದ ಅಂದ ಒಂದಿಷ್ಟೂ ಜಾಸ್ತಿಯಾಗುವುದಿಲ್ಲ.

4ಕೆಯನ್ನು ವಿಂಡೋಸ್‌ನಲ್ಲಿ ಶೇ 100 ಸ್ಕೇಲಿಂಗ್‌ನಲ್ಲಿ (ಅಕ್ಷರ, ಮೆನುಗಳನ್ನು ಹಿಗ್ಗಿಸದೆ) ಇಟ್ಟುಕೊಂಡರೆ ಮೆನು ಎಲ್ಲ ಇರುವೆ ಸಾಲು. ಶೇ 150ಕ್ಕೆ ಇಟ್ಟುಕೊಳ್ಳಿ. ಆಗ ಪರದೆಯಲ್ಲಿ ಹಿಡಿಸುವ ಜಾಗ 1440ಪಿಯಷ್ಟೇ, ಅಕ್ಷರ ಮಾತ್ರ ಚೂಪು. ಕೆಲವು ಹಳೇ ಸಾಫ್ಟ್‌ವೇರ್‌ಗಳು ಸ್ಕೇಲಿಂಗ್ ಅರ್ಥ ಮಾಡಿಕೊಳ್ಳದೆ ಮಸುಕಾಗಿ ಕಾಣುತ್ತವೆ. ನನ್ನ ಹತ್ತಿರ ಅಂಥದ್ದು ಒಂದಿದೆ, ಅದನ್ನು ಸಹಿಸಿಕೊಂಡಿದ್ದೇನೆ.

ಇನ್ನು ಹರ್ಟ್ಸ್. ಇಲ್ಲಿ ತಮ್ಮನ ಮಾನಿಟರ್ ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7 ಮಿಲಿಸೆಕೆಂಡ್. 180ರಲ್ಲಿ 5.6. ವ್ಯಾಲರಂಟ್ ಅನ್ನುವ ಶೂಟಿಂಗ್ ಆಟದಲ್ಲಿ ಮೂಲೆ ತಿರುಗಿ ಬರುವವನು ಜಾರಿಕೊಂಡು ಬರುತ್ತಾನೆ, ಜಿಗಿದುಕೊಂಡು ಅಲ್ಲ. ಆ ಆಟ ಹಗುರ, 4060ರಲ್ಲಿ 1440ಪಿಗೆ ಸೆಕೆಂಡಿಗೆ 200 ಫ್ರೇಮ್ (ಚಿತ್ರ) ದಾಟುವುದು ಕಷ್ಟವೇ ಇಲ್ಲ. ಆಟ ಬಿಡಿ, ಸುಮ್ನೆ ಉದ್ದನೆಯ ಪುಟ ಸ್ಕ್ರೋಲ್ ಮಾಡುವಾಗಲೂ ಸಾಲುಗಳನ್ನು ಓದುತ್ತಲೇ ಇಳಿಸಬಹುದು. 60ಕ್ಕೆ ಬಂದರೆ ಮೊದಲ ದಿನ ಮೌಸ್ ಸ್ವಲ್ಪ ಸೋಮಾರಿ ಅನ್ನಿಸುತ್ತದೆ.

"ಅಣ್ಣ, ಇನ್ಮೇಲೆ 60ಕ್ಕೆ ವಾಪಸ್ ಹೋಗೋಕಾಗಲ್ಲ ನಿಂಗೆ," ಅಂದ ತಮ್ಮ. ಹೋದೆ. ಎರಡು ಮೂರು ದಿನದಲ್ಲಿ ಕಣ್ಣು ಹೊಂದಿಕೊಂಡಿತು. ಅಕ್ಷರದ ವಿಷಯದಲ್ಲಿ ಹಾಗಾಗಲಿಲ್ಲ. 4ಕೆ ನೋಡಿ 1440ಪಿಗೆ ಬಂದಾಗ ಒಂದು ವಾರವಾದರೂ ಆ ಕೊರತೆ ಕಾಣುತ್ತಲೇ ಇತ್ತು. ನನ್ನ ಮಟ್ಟಿಗೆ ಇಡೀ ಹೋಲಿಕೆ ಬಗೆಹರಿದದ್ದೇ ಇಲ್ಲಿ.

60 ಹರ್ಟ್ಸ್ ಅಂದ ತಕ್ಷಣ ಆಟಕ್ಕೆ ಎಳ್ಳುನೀರು ಬಿಟ್ಟ ಹಾಗಲ್ಲ. ಎಲ್ಡನ್ ರಿಂಗ್ ಥರದ ಆಟ ಪಿಸಿಯಲ್ಲಿ 60 ಫ್ರೇಮ್‌ಗೇ ನಿಲ್ಲುತ್ತದೆ, ಅದಕ್ಕೆ 180 ಇದ್ದು ಏನು ಮಾಡಬೇಕು? ನಿಜವಾದ ತೊಂದರೆ ಕಾರ್ಡ್‌ನದು. 4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, 1440ಪಿ ಅಂದರೆ 37 ಲಕ್ಷ. ಎರಡೂಕಾಲು ಪಟ್ಟು ಕೆಲಸವನ್ನು 4060 ಎಲ್ಲ ಆಟದಲ್ಲೂ ಎಳೆಯುವುದಿಲ್ಲ. ಅದಕ್ಕೆ ಎರಡು ದಾರಿ ಇದೆ. ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ದೊಡ್ಡದು ಮಾಡುವ ನ್ವಿಡಿಯಾದ ತಂತ್ರ) ಇರುವ ಆಟದಲ್ಲಿ ಪರ್ಫಾರ್ಮೆನ್ಸ್ ಮೋಡ್ ಹಾಕಿದರೆ ಕಾರ್ಡ್ ಒಳಗೆ 1080ಪಿಯಲ್ಲಿ (ಫುಲ್ ಎಚ್‌ಡಿಯಲ್ಲಿ) ಚಿತ್ರ ಬಿಡಿಸಿ 4ಕೆಗೆ ಏರಿಸುತ್ತದೆ. ಡಿಎಲ್‌ಎಸ್‌ಎಸ್ ಇಲ್ಲದ ಹಳೇ ಆಟವಾದರೆ ನೇರ 1080ಪಿಗೆ ಇಳಿಸಿ. 1080ಪಿಯ ಒಂದು ಪಿಕ್ಸೆಲ್‌ಗೆ 4ಕೆಯ ನಾಲ್ಕು ಪಿಕ್ಸೆಲ್ ಲೆಕ್ಕ ಸರಿಯಾಗಿ ಕೂರುತ್ತದೆ. ನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಟಿಜರ್ ಸ್ಕೇಲಿಂಗ್ (ಪ್ರತಿ ಪಿಕ್ಸೆಲ್ ಅನ್ನು ಪೂರ್ಣ ಸಂಖ್ಯೆಯ ಲೆಕ್ಕದಲ್ಲೇ ಹಿಗ್ಗಿಸುವುದು) ಆನ್ ಮಾಡಿದರೆ ಚಿತ್ರ ಕಲಸಿಹೋಗುವುದಿಲ್ಲ. 1440ಪಿ ಮಾನಿಟರ್‌ನಲ್ಲಿ 1080ಪಿ ಹಾಕಿ ನೋಡಿ, ಒಂದಕ್ಕೆ ಒಂದೂಮುಕ್ಕಾಲು ಪಿಕ್ಸೆಲ್ ಲೆಕ್ಕ ಬೀಳುತ್ತದೆ, ಪೂರ್ತಿ ಮಸುಕು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಬಾಗಿದ ವಿಎ ಬಗ್ಗೆ ನ್ಯಾಯವಾಗಿ ಮಾತಾಡಬೇಕು ಅಂದರೆ ರಾತ್ರಿ ಲೈಟ್ ಆರಿಸಿ ಮಾತಾಡಬೇಕು. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸಾಮಾನ್ಯವಾಗಿ 1000:1ರ ಹತ್ತಿರ, ವಿಎಯದು 3000:1 ಅಥವಾ ಅದಕ್ಕೂ ಜಾಸ್ತಿ. ಕತ್ತಲೆ ಕೋಣೆಯಲ್ಲಿ ಸಿನಿಮಾ ಹಾಕಿದರೆ ಐಪಿಎಸ್‌ನ ಕಪ್ಪು ಬೂದಿ ಬಣ್ಣ, ಮೂಲೆಗಳಲ್ಲಿ ಸಣ್ಣ ಹೊಳಪು ಬೇರೆ. ವಿಎಯ ಕಪ್ಪು ನಿಜಕ್ಕೂ ಕಪ್ಪು. ಕಾರ್ ರೇಸ್ ಆಟ ಹಾಕಿದಾಗ 32 ಇಂಚು ಸುತ್ತುವರಿದು ಕೂತಂತೆ ಇರುತ್ತದೆ. ಬರೀ ಸಿನಿಮಾ ಮತ್ತು ನಿಧಾನ ಆಟಕ್ಕೆ ಅಂತಿದ್ದರೆ ನಾನು ಅದನ್ನೇ ಇಟ್ಟುಕೊಳ್ಳುತ್ತಿದ್ದೆ.

ಆದರೆ ಹಗಲು ಅದು ಕಾಟ ಕೊಟ್ಟಿತು. ಡಾರ್ಕ್ ಮೋಡ್‌ನಲ್ಲಿ ಬಿಳಿ ಅಕ್ಷರದ ಪುಟ ಸ್ಕ್ರೋಲ್ ಮಾಡಿದರೆ ಪ್ರತಿ ಸಾಲಿನ ಹಿಂದೆ ನೇರಳೆ ಛಾಯೆಯ ಬಾಲ. ವಿಎ ಪ್ಯಾನೆಲ್‌ಗಳು ಕಪ್ಪಿನಿಂದ ಬೂದಿಗೆ ತಿರುಗಲು ಹೊತ್ತು ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಗುಹೆಯೊಳಗೆ ಓಡುವ ಆಟದಲ್ಲೂ ಇದೇ ಬಾಲ. ಬಾಗು 1500ಆರ್, ಅಂದರೆ ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ತುಂಡು. ಆಟಕ್ಕೆ ಚೆನ್ನ, ಪುಟ ವಿನ್ಯಾಸಕ್ಕೆ ಅಲ್ಲ. ಎಕ್ಸೆಲ್‌ನ ಗೆರೆ ನೇರ ಇದೆಯಾ ಅಂತ ನನಗೇ ಅನುಮಾನ ಬರುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಬಣ್ಣ ತೊಳೆದ ಹಾಗೆ ಕಾಣುತ್ತದೆ, ಅದು ಇನ್ನೊಂದು. ಗೆಳೆಯನಿಗೆ ವಾಪಸ್ ಕೊಟ್ಟೆ.

ಡಬ್ಬದ ಮೇಲಿನ ಮಾತುಗಳನ್ನು ಎಷ್ಟು ನಂಬಬಹುದು? ಮೂರರ ಮೇಲೂ "1 ಮಿಲಿಸೆಕೆಂಡ್" ಅಥವಾ ಅದರ ಆಸುಪಾಸಿನ ಸಂಖ್ಯೆ ಇತ್ತು, ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಹೊತ್ತು ಅಂತ. ಆ ಸಂಖ್ಯೆ ಬರಬೇಕಾದರೆ ಓವರ್‌ಡ್ರೈವ್ ಅನ್ನು (ಪಿಕ್ಸೆಲ್ ಬೇಗ ಬದಲಾಗುವಂತೆ ದೂಡುವ ಸೆಟ್ಟಿಂಗ್) ಕಡೇ ಹಂತಕ್ಕೆ ಇಡಬೇಕು, ಆಗ ಓಡುವ ವಸ್ತುವಿನ ಹಿಂದೆ ಬಿಳಿ ಅಂಚು ಮೂಡುತ್ತದೆ. ನಡುವಿನ ಹಂತವೇ ಸರಿ. ಎಚ್‌ಡಿಆರ್ 400 (ಬೆಳಕು-ಕತ್ತಲೆ ಹೆಚ್ಚು ತೋರಿಸುತ್ತದೆ ಅನ್ನುವ ಗುರುತು) ಅನ್ನುವುದಂತೂ ಹೆಸರಿಗೆ. ಆ ಮಟ್ಟಕ್ಕೆ 400 ನಿಟ್ಸ್ (ಬೆಳಕಿನ ಅಳತೆ) ಮುಟ್ಟಿದರಾಯಿತು, ಪರದೆಯ ಬೇರೆ ಬೇರೆ ಭಾಗವನ್ನು ಬೇರೆ ಬೇರೆಯಾಗಿ ಮಂಕು ಮಾಡುವ ವ್ಯವಸ್ಥೆ ಇರಲೇಬೇಕು ಅಂತಿಲ್ಲ. ಆನ್ ಮಾಡಿ ನೋಡಿದೆ, ಆಫ್ ಮಾಡಿದೆ. ಸ್ಪೀಕರ್ ಬಗ್ಗೆ ಬರೆಯುವಷ್ಟು ಏನೂ ಇಲ್ಲ.

ಕೇಬಲ್ ಬಗ್ಗೆ ಮಾತ್ರ ಬರೆಯಲೇಬೇಕು. ಹೊಸ 180 ಹರ್ಟ್ಸ್ ಮಾನಿಟರ್ ಸಿಕ್ಕಿಸಿದರೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನಾವೇ ಬದಲಿಸಬೇಕು. ಎಚ್‌ಡಿಎಂಐ 2.0 ಆದರೆ 1440ಪಿಗೆ 144ರವರೆಗೆ ಸಾಮಾನ್ಯ, ಅದರ ಮೇಲೆ ಬೇಕಾದರೆ ಡಿಸ್‌ಪ್ಲೇಪೋರ್ಟ್ ಹಾಕಿ. 4ಕೆಗೆ ಹಳೇ ಎಚ್‌ಡಿಎಂಐ 1.4 ಪೋರ್ಟ್ ಸಿಕ್ಕಿದರೆ 30 ಹರ್ಟ್ಸ್ ಅಷ್ಟೇ ಬರುವುದು. ಲ್ಯಾಪ್‌ಟಾಪ್‌ಗೆ ಅಗ್ಗದ ಯುಎಸ್‌ಬಿ-ಸಿ ಹಬ್ ಮೂಲಕ ಜೋಡಿಸಿದರೂ ಇದೇ ಕಥೆ ಆಗಬಹುದು. ಮೌಸ್ ಬಾಣ ಜಿಗುಟು ಜಿಗುಟಾಗಿ ಎಳೆದ ಹಾಗೆ ಕಂಡರೆ ಮಾನಿಟರ್ ಬೈಯುವ ಮೊದಲು ಇದನ್ನು ನೋಡಿ.

ಆಫೀಸಿನ 4ಕೆಗೆ 65 ವ್ಯಾಟ್ ಚಾರ್ಜಿಂಗ್ ಕೊಡುವ ಯುಎಸ್‌ಬಿ-ಸಿ ಇತ್ತು. ಒಂದೇ ವೈರ್ ಸಿಕ್ಕಿಸಿದರೆ ಚಿತ್ರವೂ ಬಂತು, ಲ್ಯಾಪ್‌ಟಾಪ್ ಚಾರ್ಜೂ ಆಯಿತು. ಇದಕ್ಕೆ ಬೆಲೆ ಸ್ವಲ್ಪ ಜಾಸ್ತಿ, ಆದರೆ ದಿನಾ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಾಡುವವರಿಗೆ ಸಾರ್ಥಕ. ಸ್ಟ್ಯಾಂಡ್ ಕೂಡ ನೋಡಿಕೊಳ್ಳಿ. ಕಡಿಮೆ ಬೆಲೆಯವು ಹಿಂದೆ ಮುಂದೆ ವಾಲುತ್ತವೆ, ಮೇಲೆ ಕೆಳಗೆ ಆಗುವುದಿಲ್ಲ. ತಮ್ಮನದು ಅಂಥದ್ದೇ, ಕೆಳಗೆ ಎರಡು ದಪ್ಪ ನಿಘಂಟು ಇಟ್ಟಿದ್ದಾನೆ. ಹಿಂದೆ 100 ಮಿ.ಮೀ. ವೇಸಾ ತೂತುಗಳಿದ್ದರೆ (ಸ್ಟ್ಯಾಂಡ್ ಸಿಕ್ಕಿಸುವ ಸಾಮಾನ್ಯ ಅಳತೆಯ ತೂತುಗಳು) ಮುಂದೆ ಮಾನಿಟರ್ ಹಿಡಿಯುವ ಬೇರೆ ಆರ್ಮ್ ಹಾಕಿಕೊಳ್ಳಬಹುದು.

ಆಫೀಸಿನದನ್ನು ವಾಪಸ್ ಕೊಟ್ಟ ಮೇಲೆ ನಾನು ತೆಗೆದುಕೊಂಡದ್ದು 27 ಇಂಚಿನ 4ಕೆ, 60 ಹರ್ಟ್ಸ್. 1440ಪಿಗಿಂತ ಕೆಲವು ಸಾವಿರ ಜಾಸ್ತಿ ಬಿತ್ತು. ಬೆಂಗಳೂರಿನವರಾದರೆ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಒಂದು ಸುತ್ತು ಹೋಗಿ, ಆನ್‌ಲೈನ್ ಬೆಲೆ ಫೋನಿನಲ್ಲಿ ತೆರೆದಿಟ್ಟುಕೊಂಡೇ ಹೋಗಿ. ಅಲ್ಲೇ ಆನ್ ಮಾಡಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ಹಾಕಿಸಿ ಸತ್ತ ಪಿಕ್ಸೆಲ್ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ. 32 ಇಂಚಿಗಿಂತ ದೊಡ್ಡದರ ಮೇಲೆ ಇದ್ದ ಶೇ 28 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಅಗಲದ ಮಾನಿಟರ್ ಮೇಲೆ ಕಣ್ಣಿಟ್ಟವರು ಹಳೇ ಬೆಲೆ ನಂಬಿ ಕೂರಬೇಡಿ.

ವಾರಕ್ಕೆ ನಾಲ್ಕೈದು ರಾತ್ರಿ ಶೂಟಿಂಗ್ ಆಟ ಆಡುವವರಿಗೆ ನನ್ನ ಆಯ್ಕೆ ಹೇಳುವುದಿಲ್ಲ, ತಮ್ಮನದೇ ಸರಿ. ಓದು, ಬರಹ, ಕೋಡ್ ಅಂತ ದಿನಕ್ಕೆ ಎಂಟು ಗಂಟೆ ಪರದೆ ನೋಡುವವರು 4ಕೆ ತೆಗೆದುಕೊಳ್ಳಿ. ಎರಡೂ ಬೇಕು ಅನ್ನುವವರಿಗೆ 4ಕೆಯಲ್ಲೇ 144 ಹರ್ಟ್ಸ್ ಇರುವವೂ ಸಿಗುತ್ತವೆ, ಆದರೆ ಅವುಗಳ ಬೆಲೆ ನಾನು ಹಾಕಿಕೊಂಡ ಗೆರೆಯ ಆಚೆಗಿತ್ತು.