ಹಲ್ಲುಸೆಟ್ಟು ಮಾಡಿಸಿಕೊಳ್ಳುವವರಿಗೆ: ಮೇಣದ ಹಂತವನ್ನು ಬಿಟ್ಟುಕೊಡಬೇಡಿ

ಹೊಸ ಹಲ್ಲುಸೆಟ್ಟು ಕೊಡುವ ತೊಂದರೆಗಳಲ್ಲಿ ಕೆಲವು ಕಾಲ ಕಳೆದಂತೆ ತಾವಾಗಿಯೇ ಕಡಿಮೆಯಾಗುತ್ತವೆ. ಇನ್ನು ಕೆಲವು ಎಷ್ಟು ಕಾಲ ಸಹಿಸಿಕೊಂಡರೂ ಹೋಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಸೇರಿಸಿ, ‘ಸ್ವಲ್ಪ ದಿನ ಹಾಕಿಕೊಳ್ಳಿ, ಅಭ್ಯಾಸವಾಗುತ್ತದೆ’ ಎಂದು ಹೇಳಿ ಕಳುಹಿಸುತ್ತಿದ್ದ ಚಿಕಿತ್ಸಾಲಯವೊಂದರಲ್ಲಿ ನನಗಾದ ಅನುಭವವನ್ನು, ಇದೇ ಕೆಲಸಕ್ಕೆ ಹೊರಟಿರುವವರ ಗಮನಕ್ಕಾಗಿ ಬರೆಯುತ್ತಿದ್ದೇನೆ.

ನನ್ನ ಮೇಲಿನ ದವಡೆಯಲ್ಲಿ ಉಳಿದಿದ್ದ ಹಲ್ಲುಗಳೆಲ್ಲ ಅಲುಗಾಡುತ್ತಿದ್ದವು, ಅವನ್ನು ತೆಗೆಸುವ ಬಗ್ಗೆ ಎರಡನೆಯ ಮಾತಿರಲಿಲ್ಲ. ಕೆಳಗೆ ಮಾತ್ರ ಎರಡು ಕೋರೆಹಲ್ಲುಗಳು ಗಟ್ಟಿಯಾಗಿ ನಿಂತಿದ್ದವು. ಎರಡೇ ಹಲ್ಲು ಇಟ್ಟುಕೊಂಡು ಪ್ರಯೋಜನವಿಲ್ಲ, ಎಲ್ಲವನ್ನೂ ತೆಗೆದರೆ ಸೆಟ್ಟು ಚೆನ್ನಾಗಿ ಕೂರುತ್ತದೆ ಎಂದು ಅಲ್ಲಿನ ವೈದ್ಯರು ಅವನ್ನೂ ಕಿತ್ತರು. ವಾಸ್ತವ ಇದಕ್ಕೆ ತೀರ ವಿರುದ್ಧವಾದದ್ದು. ಮೇಲಿನ ಸೆಟ್ಟಿಗೆ ಇಡೀ ಅಂಗುಳದ ಆಸರೆ ಸಿಗುತ್ತದೆ, ನಡುವೆ ತೆಳುವಾಗಿ ಹರಡುವ ಜೊಲ್ಲು ಅದನ್ನು ಹಿಡಿದಿಡುತ್ತದೆ. ಕೆಳಗಿನದು ಲಾಳದ ಆಕಾರದ ಕಿರಿದಾದ ಪಟ್ಟಿಯಷ್ಟೇ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ ಅದನ್ನು ಸದಾ ತಳ್ಳುತ್ತಿರುತ್ತವೆ. ಇದಲ್ಲದೆ ಹಲ್ಲಿನ ಬೇರು ಇರುವವರೆಗೆ ಅದರ ಸುತ್ತಲಿನ ಮೂಳೆ ಬಹುಮಟ್ಟಿಗೆ ಉಳಿಯುತ್ತದೆ, ಹಲ್ಲು ಹೋದ ಮೇಲೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಈ ಸವೆತ ಅತಿ ವೇಗವಾಗಿದ್ದು, ಆಮೇಲೆ ನಿಧಾನವಾಗಿ ಮುಂದುವರಿಯುತ್ತಲೇ ಇರುತ್ತದೆ. ಸೆಟ್ಟು ಹಾಕಿಕೊಂಡವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದರಲ್ಲಿ ಕೆಳದವಡೆ ಮೇಲ್ದವಡೆಗಿಂತ ಸುಮಾರು 4 ಪಟ್ಟು ಹೆಚ್ಚು ಸವೆದದ್ದು ಕಂಡುಬಂದಿತ್ತು. ಕೋರೆಹಲ್ಲುಗಳಿಗೆ ಬೇರುನಾಳದ (ರೂಟ್ ಕೆನಾಲ್) ಚಿಕಿತ್ಸೆ ಮಾಡಿ, ಒಸಡಿನ ಮಟ್ಟಕ್ಕೆ ಮೊಟಕುಗೊಳಿಸಿ, ಅವುಗಳ ಮೇಲೆಯೇ ಸೆಟ್ಟನ್ನು ಕೂರಿಸುವ ಹಳೆಯ, ಒಳ್ಳೆಯ ವಿಧಾನವೊಂದಿದೆ. ಅದರ ಹೆಸರನ್ನೂ ಅಲ್ಲಿ ಯಾರೂ ಎತ್ತಲಿಲ್ಲ.

ಎರಡನೆಯ ಅನ್ಯಾಯ ಸೆಟ್ಟು ತಯಾರಿಸಿದ ಕ್ರಮದಲ್ಲಿ ನಡೆಯಿತು. ರೂಢಿಯ ಕ್ರಮದಲ್ಲಿ ಮೊದಲು ಒಂದು ಅಚ್ಚು ತೆಗೆದು, ಅದರ ಆಧಾರದ ಮೇಲೆ ಆ ಬಾಯಿಗೇ ಹೊಂದುವ ತಟ್ಟೆ ಮಾಡಿ, ಅದರಿಂದ ಅಂಚುಗಳನ್ನೂ ಒಳಗೊಂಡ ಎರಡನೆಯ ಅಚ್ಚನ್ನು ತೆಗೆಯುತ್ತಾರೆ. ಬಳಿಕ ಮೇಣದ ದಿಂಡುಗಳನ್ನು ಕಚ್ಚಿಸಿ ದವಡೆಗಳ ನಡುವಿನ ಎತ್ತರವನ್ನು ಗುರುತಿಸುತ್ತಾರೆ, ಕೊನೆಗೆ ಮೇಣದಲ್ಲಿ ಜೋಡಿಸಿದ ಹಲ್ಲುಗಳನ್ನು ಬಾಯಲ್ಲಿಟ್ಟು ಮಾತನಾಡಿಸಿ, ಕನ್ನಡಿಯಲ್ಲಿ ತೋರಿಸಿ ಒಪ್ಪಿಗೆ ಪಡೆಯುತ್ತಾರೆ. ಮೇಣದಲ್ಲಿರುವಾಗ ಪ್ರತಿ ಹಲ್ಲನ್ನೂ ಸರಿಸಬಹುದು. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಆಗಿ ಗಟ್ಟಿಯಾದ ಮೇಲೆ ಅಲ್ಪಸ್ವಲ್ಪ ಉಜ್ಜುವುದನ್ನು ಬಿಟ್ಟರೆ ಹೆಚ್ಚೇನೂ ಮಾಡಲಾಗದು. ನನಗೆ ಒಂದೇ ಅಚ್ಚು ತೆಗೆದು, ಒಮ್ಮೆ ಕಚ್ಚಿಸಿ, ನೇರವಾಗಿ ಸಿದ್ಧವಾದ ಸೆಟ್ಟನ್ನೇ ಕೈಗಿತ್ತರು. (ಹಲ್ಲು ಕಿತ್ತ ದಿನವೇ ಹಾಕುವ ಸೆಟ್ಟಿನಲ್ಲಿ ಮುಂದಿನ ಹಲ್ಲುಗಳನ್ನು ಮೇಣದಲ್ಲಿ ಪರೀಕ್ಷಿಸಲು ಸಾಧ್ಯವಿಲ್ಲ, ನಿಜ. ಆದರೆ ಒಸಡು ಕುಗ್ಗಿದಂತೆ ಅದಕ್ಕೆ ಹೊಸ ಒಳಪದರ ಹಾಕಿಸಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ. ನನ್ನದು ಆ ಬಗೆಯದೂ ಆಗಿರಲಿಲ್ಲ.)

ಮಾತನಾಡುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಟಕಟಕನೆ ತಾಗುತ್ತಿದ್ದವು, ತುಟಿ ಮುಚ್ಚಲು ಶ್ರಮಪಡಬೇಕಿತ್ತು, ಸಂಜೆಯ ಹೊತ್ತಿಗೆ ಕೆನ್ನೆಯೂ ಕಪಾಲವೂ ನೋಯುತ್ತಿದ್ದವು. ದವಡೆ ವಿರಾಮದಲ್ಲಿರುವಾಗ ಎರಡು ಸಾಲುಗಳ ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಅಂತರ ಇರಬೇಕು. ನನ್ನ ಸೆಟ್ಟಿನಲ್ಲಿ ಅದು ಇರಲೇ ಇಲ್ಲ ಎಂದು ನಂತರ ನೋಡಿದ ಕೃತಕ ದಂತ ತಜ್ಞರು ಅಳೆದು ತೋರಿಸಿದರು. ಎತ್ತರ ಹೆಚ್ಚಾದ ಇಂಥ ದೋಷಕ್ಕೆ ಅಭ್ಯಾಸ ಮದ್ದಲ್ಲ. ಬಾಯಿ ತುಂಬಿದಂತೆನಿಸುವುದು, ಜೊಲ್ಲು ಹೆಚ್ಚುವುದು, ಕೆಲವು ಅಕ್ಷರಗಳು ತೊದಲುವುದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುತ್ತವೆ. ಒಸಡಿನಲ್ಲಿ ಒತ್ತಿ ಹುಣ್ಣಾಗುವುದು ಆರಂಭದಲ್ಲಿ ಸಹಜವೇ ಆದರೂ, ವೈದ್ಯರು ಆ ಜಾಗವನ್ನು ಗುರುತಿಸಿ ಸೆಟ್ಟನ್ನು ಉಜ್ಜಿ ಕೊಡಬೇಕು. ಮನೆಯಲ್ಲಿ ಅರದಿಂದ ಉಜ್ಜುವ ಸಾಹಸ ಬೇಡ.

ಪ್ರತಿ ದೂರಿಗೂ ನನಗೆ ಸಿಕ್ಕಿದ್ದು ಅಂಟಿಸುವ ಪೇಸ್ಟು. ಸೆಟ್ಟು ಅಲುಗಾಡದಂತೆ ಅದು ತಾತ್ಕಾಲಿಕವಾಗಿ ಹಿಡಿದಿದ್ದರಿಂದ, ಉದ್ದವಾಗಿದ್ದ ಕೆಳಗಿನ ಅಂಚು ತುಟಿಯ ಒಳಮಡಿಕೆಯನ್ನು ದಿನವಿಡೀ ಒತ್ತುತ್ತಲೇ ಹೋಯಿತು. ಹುಣ್ಣಾಗಿ, ಕೊನೆಗೆ ಅಲ್ಲಿ ಮಾಂಸದ ಮಡಿಕೆಯೊಂದು ಬೆಳೆಯಿತು. ತಜ್ಞರು ಸೆಟ್ಟನ್ನು ಬಿಡಿಸಿ, ಕುಗ್ಗದೆ ಉಳಿದ ಭಾಗವನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಅಪಾಯವೇನೂ ಇರಲಿಲ್ಲ. ಸೆಟ್ಟನ್ನು ಸರಿಪಡಿಸಿದ ಮೇಲೂ 2 ವಾರಕ್ಕಿಂತ ಹೆಚ್ಚು ಉಳಿಯುವ ಬಾಯಿಹುಣ್ಣನ್ನು ಪರೀಕ್ಷಿಸದೆ ಬಿಡಬಾರದು ಎಂದು ಅವರು ಒತ್ತಿ ಹೇಳಿದರು. ಪೇಸ್ಟಿನ ವಿಷಯದಲ್ಲಿ ಇನ್ನೊಂದು ಮಾತು: ಸತು ಬೆರೆತ ಪೇಸ್ಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಕುಸಿದು, ಕೈಕಾಲು ಮರಗಟ್ಟಿ, ನಡಿಗೆ ತಪ್ಪಿದ ಪ್ರಕರಣಗಳು 2008ರಲ್ಲಿ ವೈದ್ಯಕೀಯ ಸಾಹಿತ್ಯದಲ್ಲಿ ವರದಿಯಾಗಿವೆ. ದಿನದಿನಕ್ಕೆ ಹೆಚ್ಚು ಪೇಸ್ಟು ಬೇಕಾಗುತ್ತಿದೆಯೆಂದರೆ ಸೆಟ್ಟು ಒಸಡಿಗೆ ಹೊಂದುತ್ತಿಲ್ಲವೆಂದೇ ಅರ್ಥ.

ಕೆಲವೇ ಹಲ್ಲು ಹೋದವರು ಭಾಗಶಃ ಸೆಟ್ಟು ಮಾಡಿಸುವಾಗ ಅದರ ಭಾರ ಎಲ್ಲಿ ಬೀಳುತ್ತದೆ ಎಂದು ಕೇಳಬೇಕು. ಒಸಡಿನ ಮೇಲಷ್ಟೇ ನಿಲ್ಲುವ ಅಕ್ರಿಲಿಕ್ ಸೆಟ್ಟು ಕ್ರಮೇಣ ಕುಸಿದು ಪಕ್ಕದ ಹಲ್ಲುಗಳ ಒಸಡನ್ನು ಸವೆಸಬಹುದು. ಕೋಬಾಲ್ಟ್-ಕ್ರೋಮಿಯಂ ಲೋಹದ ಚೌಕಟ್ಟಿನದು ಆಸರೆಯ ಹಲ್ಲುಗಳ ಮೇಲೆ ಭಾರ ಹಾಕುತ್ತದೆ.

ಹಣ ಕೊಡುವ ಮುನ್ನ, ಉಳಿದ ಹಲ್ಲುಗಳಲ್ಲಿ ಯಾವುದನ್ನು ಏಕೆ ಕೀಳಬೇಕು, ಮೇಣದ ಮಾದರಿಯನ್ನು ಯಾವಾಗ ತೋರಿಸುತ್ತಾರೆ, ಸೆಟ್ಟು ಕೊಟ್ಟ ನಂತರದ ತಿದ್ದುಪಡಿಗಳು ಇದೇ ಶುಲ್ಕದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಹಿಂಜರಿಯುವವರ ಬಳಿ ಹಲ್ಲು ಕೀಳಿಸಿಕೊಳ್ಳಬೇಡಿ, ಏಕೆಂದರೆ ಸೆಟ್ಟನ್ನು ಮತ್ತೆ ಮಾಡಿಸಬಹುದು, ಹಲ್ಲನ್ನಲ್ಲ. ನನಗೆ ಈಗ ಹೊಸ ಸೆಟ್ಟಾಗಿದೆ, ಎತ್ತರ ಸರಿಯಾಗಿದೆ, ಕೆನ್ನೆನೋವು ನಿಂತಿದೆ. ಕೆಳಗಿನದು ಮಾತ್ರ ಆಕಳಿಸುವಾಗ ಇಂದಿಗೂ ಮೇಲೇಳುತ್ತದೆ. ಕೋರೆಹಲ್ಲುಗಳಿದ್ದ ಜಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ತಿರುಪಿನಂಥ ಕೃತಕ ಬೇರು) ಹಾಕಿ ಸೆಟ್ಟನ್ನು ಸಿಕ್ಕಿಸಬಹುದೆಂದು ತಜ್ಞರು ಹೇಳಿದ್ದಾರೆ. ಅದಕ್ಕೆ ಸಾಕಾಗುವಷ್ಟು ಮೂಳೆ ಉಳಿದಿದೆಯೇ ಎಂಬುದು ಸ್ಕ್ಯಾನ್ ಮಾಡಿಸಿದ ಮೇಲೆ ತಿಳಿಯಬೇಕಿದೆ.